ಸಾಸಿವೆ ಡಬ್ಬಿಯಿಂದ ಪಾಸ್‌ಬುಕ್ಕಿನವರೆಗೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಮಹಿಳಾ ಸಮಾವೇಶದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮಹಿಳೆಯರನ್ನು ಉದ್ದೇಶಿಸಿ ನಾಲ್ಕು ಮಾತುಗಳನ್ನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಮಹಿಳೆಯರ ಭಕ್ತಿಯನ್ನು ಕುರಿತು ಮಾತನಾಡಬಹುದೆಂದು ಅವರು ಸೂಚಿಸಿದ್ದರು. ಭಕ್ತಿಯ ವಿಷಯದಲ್ಲಿ ನಾವು ನಿಮಗೆ ಕಲಿಸುವುದಕ್ಕಿಂತ ನಿಮ್ಮಿಂದ ಕಲಿಯಬೇಕಾದುದೇ ಹೆಚ್ಚಾಗಿರುವುದರಿಂದ, ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದು ಹಣದ ವಿಷಯ. ಬ್ಯಾಂಕು, ಸಾಲ, ಉಳಿತಾಯ, ವಿಮೆ ಮೊದಲಾದ ಸೇವೆಗಳು ನಮ್ಮ ಸ್ತ್ರೀಯರ ಅಗತ್ಯಗಳಿಗೆ ಎಷ್ಟರಮಟ್ಟಿಗೆ ಒದಗಿವೆ ಎಂಬ ವಿಷಯ. ಪೂಜಾಪೀಠದ ಸಮೀಪದಲ್ಲಿ ನಿಂತು ಗುರುಗಳು ಬಡ್ಡಿಯ ಮಾತನ್ನಾಡುವುದೇ ಎಂದು ಯಾರೂ ಹುಬ್ಬೇರಿಸುವುದು ಬೇಡ. ಕಳೆದುಹೋದ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕಿದ ಹೆಂಗಸಿನ ಸಾಮತಿಯನ್ನು ಯೇಸುಸ್ವಾಮಿಯವರೇ ಹೇಳಿದ್ದಾರೆ. ಹೆಂಗಸಿನ ಕೈಯಲ್ಲಿ ಒಂದು ನಾಣ್ಯಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ಅವರು ಬಲ್ಲವರಾಗಿದ್ದರು.

ಈ ಸ್ಮರಣ ಸಂಚಿಕೆಯ ಸಿದ್ಧತೆಗಾಗಿ ನಾವು ದೇವಾಲಯದ ಹಳೆಯ ಲೆಕ್ಕದ ಪುಸ್ತಕಗಳ ಧೂಳು ಕೊಡವಿ ಓದಿದೆವು. ಕಟ್ಟಡದ ನಿಧಿಗೆ ಹಣ ಕೊಟ್ಟವರ ಪಟ್ಟಿ ಅಂದವಾದ ಅಕ್ಷರಗಳಲ್ಲಿದೆ. ಅದರಲ್ಲಿರುವುದೆಲ್ಲ ಗಂಡಸರ ಹೆಸರು. ಎರಡು ಕಡೆ ಮಾತ್ರ 'ಇಂಥವರ ವಿಧವೆ' ಎಂದು ಬರೆದಿದೆ. ಆಕೆಯ ಸ್ವಂತ ಹೆಸರು ಅಲ್ಲಿಯೂ ಇಲ್ಲ. ಆದರೆ ಈ ಊರಿನ ಹಿರಿಯರನ್ನು ಕೇಳಿದರೆ, ಹಳ್ಳದಿಂದ ಕಲ್ಲು ಹೊತ್ತವರು ಹೆಂಗಸರು. ಪ್ರತಿದಿನ ಅಡಿಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿಯನ್ನು ತೆಗೆದಿರಿಸಿ, ಅದನ್ನು ಮಾರಿ, ಹೆಂಚಿಗೆ ಹಣ ಹೊಂದಿಸಿದವರೂ ಹೆಂಗಸರೇ. ಅಂದರೆ ಹಣ ಹೆಂಗಸರದು, ಹೆಸರು ಬೇರೆಯವರದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಭಾಷಣದ ಕೊನೆಯಲ್ಲಿ ನಾವು ಇದಕ್ಕೆ ಮರಳಿ ಬರುತ್ತೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ವಿಚಾರಣೆಯ ಒಬ್ಬ ತಾಯಿ ಕಚೇರಿಗೆ ಬಂದರು. ಪತಿಯನ್ನು ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ. ಸಮಾಧಿ ದಾಖಲೆಯ ಪ್ರತಿ ಬೇಕಾಗಿತ್ತು. ಜೊತೆಯಲ್ಲಿ ಪ್ಲಾಸ್ಟಿಕ್ ಚೀಲವೊಂದರಲ್ಲಿ ಪತಿಯ ಕಾಗದಪತ್ರಗಳನ್ನೆಲ್ಲ ತುಂಬಿಕೊಂಡು ತಂದಿದ್ದರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ನಮ್ಮ ಪಾಲನಾ ಸಮಿತಿಯ ಸದಸ್ಯರೊಬ್ಬರು ಅಲ್ಲಿಯೇ ಇದ್ದರು. ಪಾಸ್‌ಬುಕ್ಕನ್ನು ತಿರುವಿ ಹಾಕುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ 436 ರೂಪಾಯಿ ಏನಮ್ಮಾ?" ಎಂದರು. "ಬ್ಯಾಂಕಿನವರು ವರ್ಷಕ್ಕೊಂದು ಸಲ ಏನೋ ಹಿಡಿದುಕೊಳ್ಳುತ್ತಾರೆ ಸಾರ್. ಇವರು ಯಾವತ್ತೂ ಕೇಳಲಿಲ್ಲ, ನನಗೂ ಹೇಳಲಿಲ್ಲ" ಎಂದು ಆ ತಾಯಿ ಉತ್ತರಿಸಿದರು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಆ ವಿಮೆಯಲ್ಲಿ, ಯಾವ ಕಾರಣದಿಂದ ಸಾವು ಸಂಭವಿಸಿದರೂ ಕುಟುಂಬಕ್ಕೆ 2 ಲಕ್ಷ ರೂಪಾಯಿ ಸಲ್ಲುತ್ತದೆ. ಅರ್ಜಿ ಬರೆದೆವು, ಕೆಲವು ವಾರಗಳಲ್ಲಿ ಹಣ ಬಂದಿತು. ಆಗ ಆ ತಾಯಿ ನಮಗೆ ಹೇಳಿದ ಮಾತು ಇದು: "ಫಾದರ್, ಖಾತೆಯಲ್ಲಿ ನೂರಿನ್ನೂರು ರೂಪಾಯಿಯೂ ಇಲ್ಲವಲ್ಲ ಎಂದು ಆ ಪುಸ್ತಕವನ್ನು ಒಲೆಗೆ ಹಾಕಬೇಕೆಂದಿದ್ದೆ."

ಸೇವೆ ಇತ್ತು, ಹಣವೂ ಇತ್ತು. ಆದರೆ ಯಾರಿಗಾಗಿ ಅದು ಇತ್ತೋ ಆಕೆಗೆ ಅದು ಗೊತ್ತಿರಲಿಲ್ಲ. ಇಂದಿನ ನಮ್ಮ ವಿಷಯದ ತಿರುಳು ಈ ಒಂದು ಘಟನೆಯಲ್ಲಿಯೇ ಅಡಗಿದೆ.

ಮೊದಲಿಗೆ, ಹಣದ ವಿಷಯದಲ್ಲಿ ಒಬ್ಬ ಸಾಮಾನ್ಯ ಗೃಹಿಣಿಗೆ ಬೇಕಾದುದೇನೆಂಬುದನ್ನು ವಿಚಾರ ಮಾಡೋಣ. ಆಕೆಯ ಕೈಗೆ ಹಣವು ಒಮ್ಮೆಗೇ ದೊಡ್ಡ ಮೊತ್ತವಾಗಿ ಬರುವುದಿಲ್ಲ. ತೋಟದ ಬಟವಾಡೆಯಿಂದ, ಹಾಲು ಮಾರಿದುದರಿಂದ, ಹೊಲಿಗೆಯಿಂದ ಅಷ್ಟಷ್ಟಾಗಿ ಬರುತ್ತದೆ. ಆದುದರಿಂದ ಹತ್ತಿಪ್ಪತ್ತು ರೂಪಾಯಿಯನ್ನೂ ಕೀಳಾಗಿ ಕಾಣದೆ ಸ್ವೀಕರಿಸುವ, ಮನೆಗೆ ಹತ್ತಿರವಾದ, ಭದ್ರವಾದ ಜಾಗ ಆಕೆಗೆ ಬೇಕು. ಎರಡನೆಯದಾಗಿ, ಮಗುವಿಗೆ ಜ್ವರ ಬಂದ ರಾತ್ರಿ, ಶಾಲೆ ಆರಂಭವಾಗುವ ಜೂನ್ ತಿಂಗಳು, ಹೆರಿಗೆಯ ಸಮಯ, ಇಂಥ ವೇಳೆಯಲ್ಲಿ ಮಾನ ಕಳೆದುಕೊಳ್ಳದೆ ಪಡೆಯಬಹುದಾದ ಸಣ್ಣ ಸಾಲ ಬೇಕು. ಮೂರನೆಯದಾಗಿ, ಪತಿಗೆ ಏನಾದರೂ ಆದರೆ, ತನಗೆ ಮುಪ್ಪು ಬಂದರೆ, ಕೈಚಾಚದೆ ಬದುಕುವ ಆಸರೆ ಬೇಕು. ನಾಲ್ಕನೆಯದನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ತನ್ನ ಅನುಮತಿಯಿಲ್ಲದೆ ಬೇರಾರೂ, ಮನೆಯವರೂ ಕೂಡ, ಕೈಹಾಕಲಾಗದ ತನ್ನದೇ ಆದ ಒಂದಿಷ್ಟು ಹಣ ಆಕೆಗೆ ಬೇಕು.

ನಮ್ಮ ತಾಯಂದಿರೂ ಅಜ್ಜಿಯರೂ ಈ ನಾಲ್ಕು ಅಗತ್ಯಗಳಿಗೆ ತಮ್ಮದೇ ಆದ ದಾರಿ ಕಂಡುಕೊಂಡಿದ್ದರು. ಸಾಸಿವೆ ಡಬ್ಬಿಯೇ ಅವರ ಉಳಿತಾಯ ಖಾತೆ. ಕಿವಿಯ ಓಲೆಯೇ ಅವರ ವಿಮೆ. ನೆರೆಯವರೊಡನೆ ಕಟ್ಟುತ್ತಿದ್ದ ಚೀಟಿಯೇ ಅವರ ಬ್ಯಾಂಕು. ಆದರೆ ಸಾಸಿವೆ ಡಬ್ಬಿ ಇರುವ ಜಾಗ ಮನೆಮಂದಿಗೆಲ್ಲ ಗೊತ್ತು. ಗಿರವಿ ಅಂಗಡಿಗೆ ಹೋದ ಓಲೆ ಎಷ್ಟೋ ಸಲ ಮರಳಿ ಬರುವುದಿಲ್ಲ. ಚೀಟಿ ಹಿಡಿದವನು ಊರು ಬಿಟ್ಟರೆ ಕೇಳುವವರಿಲ್ಲ. ಇವೆಲ್ಲ ಇಲ್ಲದಾದಾಗ ಉಳಿದಿದ್ದುದು ಬಡ್ಡಿ ಸಾಹುಕಾರನ ಜಗಲಿಯೊಂದೇ.

ಬಡವರನ್ನು ಬಡ್ಡಿಯ ಬಾಯಿಂದ ಬಿಡಿಸಬೇಕೆಂಬುದು ಧರ್ಮಸಭೆಗೆ ಹೊಸ ಚಿಂತೆಯಲ್ಲ. ಇಟಲಿಯ ಪೆರೂಜಾ ಪಟ್ಟಣದಲ್ಲಿ 1462ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರೇರಣೆಯಿಂದ 'ಮೊಂತೆ ದಿ ಪಿಯೆತಾ' ಎಂಬ ಕರುಣೆಯ ನಿಧಿ ಸ್ಥಾಪನೆಯಾಯಿತು. ಬಡವರು ಒಂದು ವಸ್ತುವನ್ನು ಒತ್ತೆಯಿಟ್ಟು, ಅತಿ ಕಡಿಮೆ ಖರ್ಚಿನಲ್ಲಿ ಸಾಲ ಪಡೆಯಬಹುದಾಗಿತ್ತು. ನಿಧಿಯ ಆಡಳಿತದ ವೆಚ್ಚಕ್ಕೆ ಬೇಕಾಗುವಷ್ಟು ಅಲ್ಪ ಮೊತ್ತವನ್ನು ತೆಗೆದುಕೊಳ್ಳುವುದು ತಪ್ಪಲ್ಲವೆಂದು 1515ರಲ್ಲಿ ಜಗದ್ಗುರು ಹತ್ತನೆಯ ಲಿಯೋರವರು ಐದನೆಯ ಲಾಟೆರನ್ ಮಹಾಸಭೆಯಲ್ಲಿ ಸಮ್ಮತಿ ನೀಡಿದರು. ಇದು ನಾವು ಹೆಮ್ಮೆಪಡಬೇಕಾದ ಚರಿತ್ರೆ. ಆದರೆ ಅದರ ಮಗ್ಗುಲಲ್ಲಿಯೇ ನಾಚಿಕೆಪಡಬೇಕಾದ ಚರಿತ್ರೆಯೂ ಇದೆ. ಕಥೋಲಿಕರೇ ಬಹುಸಂಖ್ಯಾತರಾಗಿದ್ದ ಫ್ರಾನ್ಸ್ ದೇಶದಲ್ಲಿ ವಿವಾಹಿತ ಸ್ತ್ರೀಯು ಪತಿಯ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯುವ ಹಕ್ಕನ್ನು ಪಡೆದುದು 1965ರ ಕಾನೂನಿನಿಂದ. ಸ್ಪೇನಿನಲ್ಲಿ ಪತಿಯ ಅನುಮತಿಯ ಕಟ್ಟಳೆ ರದ್ದಾದುದು 1975ರಲ್ಲಿ. ಇಲ್ಲಿ ಕುಳಿತಿರುವ ಅನೇಕ ತಾಯಂದಿರು ಆ ವೇಳೆಗೆ ಹುಟ್ಟಿದ್ದಿರಿ.

ನಮ್ಮ ನಾಡಿನ ಕಡೆಗೆ ತಿರುಗಿದರೆ, ಸಹಕಾರದ ಬೀಜ ಇಲ್ಲಿ ಬೇಗನೆ ಮೊಳೆಯಿತು. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ನಾಯಕತ್ವದಲ್ಲಿ ಕೃಷಿ ಸಹಕಾರ ಸಂಘವು ಪ್ರಾರಂಭವಾಯಿತು. ಮಂಗಳೂರಿನ ನಮ್ಮ ಕಥೋಲಿಕ ಬಂಧುಗಳು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಆದರೆ ಹೆಂಗಸಿನ ಹೊಸ್ತಿಲಿಗೆ ಬ್ಯಾಂಕನ್ನು ತಂದ ಕೀರ್ತಿ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನದು. 1928ರಲ್ಲಿ ಆ ಬ್ಯಾಂಕು 'ಪಿಗ್ಮಿ' ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದು ಪುಸ್ತಕದಲ್ಲಿ ಗುರುತು ಹಾಕಿಕೊಡುತ್ತಿದ್ದನು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ 'ಪಿಗ್ಮಿ' ಎಂಬ ಮಾತು ನಮ್ಮ ಊರುಗಳಲ್ಲಿ ಉಳಿದುಕೊಂಡಿದೆ. ಬ್ಯಾಂಕಿಗೆ ಹೆಂಗಸು ಹೋಗಲಾಗದಿದ್ದರೆ ಹೆಂಗಸಿನ ಬಳಿಗೆ ಬ್ಯಾಂಕು ಬರಬೇಕು ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು.

ಆದರೂ ಉಳಿತಾಯವನ್ನು ಪಡೆದ ಬ್ಯಾಂಕುಗಳು ಸಾಲ ಕೊಡುವಾಗ ಕೇಳುತ್ತಿದ್ದುದು ಜಮೀನಿನ ಪಹಣಿ, ಸಂಬಳದ ಚೀಟಿ, ಜಾಮೀನುದಾರನ ಸಹಿ. ಈ ಮೂರೂ ನಮ್ಮ ಹೆಂಗಸರ ಬಳಿ ಇರಲಿಲ್ಲ. ಈ ಗೋಡೆಯನ್ನು ಒಡೆದವರು ಬಹುಮಟ್ಟಿಗೆ ಹೆಂಗಸರೇ. ಅಹಮದಾಬಾದಿನಲ್ಲಿ ತಲೆಹೊರೆ ಹೊರುವ, ತರಕಾರಿ ಮಾರುವ, ಬೀಡಿ ಕಟ್ಟುವ ಸ್ತ್ರೀಯರು ಇಳಾ ಭಟ್ಟರ ಮಾರ್ಗದರ್ಶನದಲ್ಲಿ 1974ರಲ್ಲಿ ಸೇವಾ ಬ್ಯಾಂಕನ್ನು ಸ್ಥಾಪಿಸಿದರು. ನಾಲ್ಕು ಸಾವಿರ ಸ್ತ್ರೀಯರು ತಲಾ 10 ರೂಪಾಯಿಯ ಷೇರು ಹಾಕಿ ಕಟ್ಟಿದ ಬ್ಯಾಂಕು ಅದು. ಸಹಿ ಮಾಡಲು ಬಾರದವರಿಗೆ ಅಲ್ಲಿ ಭಾವಚಿತ್ರವೇ ಗುರುತಾಯಿತು. ಅಕ್ಷರ ಬಾರದಿರುವುದು ಅವರ ಅಪರಾಧವಲ್ಲವೆಂದು ಒಪ್ಪಿಕೊಂಡ ಬ್ಯಾಂಕು ಅದಾಗಿತ್ತು.

ನಮ್ಮ ರಾಜ್ಯದ ಪಾಲೂ ಸಣ್ಣದಲ್ಲ. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯು 1980ರ ದಶಕದ ನಡುಭಾಗದಲ್ಲಿ ಕೋಲಾರ ಜಿಲ್ಲೆಯೂ ಸೇರಿದಂತೆ ಹಲವೆಡೆ ಒಂದು ಸಂಗತಿಯನ್ನು ಗಮನಿಸಿತು. ದೊಡ್ಡ ಸಹಕಾರ ಸಂಘಗಳಲ್ಲಿ ನಂಬಿಕೆ ಕಳೆದುಕೊಂಡಿದ್ದ ಬಡವರು, ಪರಸ್ಪರ ಬಲ್ಲ ಹದಿನೈದು ಇಪ್ಪತ್ತು ಮಂದಿಯ ಚಿಕ್ಕ ಗುಂಪುಗಳಾಗಿ ಸೇರಿದಾಗ ಸಾಲವನ್ನು ಪ್ರಾಮಾಣಿಕವಾಗಿ ತೀರಿಸುತ್ತಿದ್ದರು. ಅಲ್ಲಿಂದ ಬೆಳೆದುದೇ ನಾವು ಇಂದು ಸ್ವಸಹಾಯ ಸಂಘವೆಂದು ಕರೆಯುವ ವ್ಯವಸ್ಥೆ. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ನೆರವು ನೀಡಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ದೇಶದಲ್ಲಿ ಕೈಗೊಂಡಿತು. 2000-01ರಲ್ಲಿ ನಮ್ಮ ರಾಜ್ಯ ಸರ್ಕಾರವು ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ಸಂಘವಿಲ್ಲದ ಊರೇ ಅಪರೂಪವಾಯಿತು. ವಾರಕ್ಕೊಮ್ಮೆ ಸೇರುವುದು, ಇಷ್ಟಿಷ್ಟು ಉಳಿಸುವುದು, ಕೂಡಿದ ಹಣದಲ್ಲಿ ಅಗತ್ಯವುಳ್ಳವಳಿಗೆ ಸಾಲ ಕೊಡುವುದು, ಬಂದ ಬಡ್ಡಿಯನ್ನು ಸಂಘದಲ್ಲಿಯೇ ಉಳಿಸಿಕೊಳ್ಳುವುದು. ಮೇಲೆ ಹೇಳಿದ ಅಗತ್ಯಗಳಲ್ಲಿ ಮೊದಲಿನ ಎರಡನ್ನು ಇದರಷ್ಟು ಚೆನ್ನಾಗಿ ಪೂರೈಸಿದ ವ್ಯವಸ್ಥೆ ಮತ್ತೊಂದಿಲ್ಲವೆಂದರೆ ತಪ್ಪಾಗಲಾರದು.

ಇನ್ನು ಇತ್ತೀಚಿನ ವರ್ಷಗಳ ಮಾತು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಲ್ಲಿ ದೇಶದಾದ್ಯಂತ 50 ಕೋಟಿಗೂ ಹೆಚ್ಚು ಖಾತೆಗಳು ತೆರೆದಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಹಿಳೆಯರ ಹೆಸರಿನಲ್ಲಿವೆ. 2020ರ ಮಹಾವ್ಯಾಧಿಯ ಕಾಲದಲ್ಲಿ ಏಪ್ರಿಲ್, ಮೇ, ಜೂನ್ ಮೂರು ತಿಂಗಳು ಮಹಿಳೆಯರ ಈ ಖಾತೆಗಳಿಗೆ ತಲಾ 500 ರೂಪಾಯಿ ಬಂದಿತು. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯನ್ನು ಆಕೆಯ ಖಾತೆಗೇ ನೀಡುವಂತಾಯಿತು. ಇವು ಸಣ್ಣ ಸಂಗತಿಗಳಲ್ಲ. ಇವನ್ನು ಹಗುರವಾಗಿ ಕಾಣುವವರು ಖಾಲಿ ಡಬ್ಬಿಯನ್ನು ಅಲುಗಾಡಿಸಿ ನೋಡಿದ ತಾಯಿಯನ್ನು ಕಂಡವರಲ್ಲ.

ಆದರೆ ಪ್ರಿಯರೇ, ಹೆಸರಿನಲ್ಲಿ ಖಾತೆ ಇರುವುದು ಬೇರೆ, ಕೈಯಲ್ಲಿ ಹಣ ಇರುವುದು ಬೇರೆ. ಮನೆಭೇಟಿಯ ಕಾಲದಲ್ಲಿ ನಾವು ಎಷ್ಟೋ ತಾಯಂದಿರನ್ನು ಕೇಳಿದ್ದೇವೆ. "ಖಾತೆ ಇದೆಯೇನಮ್ಮಾ?" "ಇದೆ ಫಾದರ್." "ಎ.ಟಿ.ಎಂ. ಕಾರ್ಡು ಎಲ್ಲಿ?" "ಮಗನ ಹತ್ತಿರ." "ಪಿನ್ ಸಂಖ್ಯೆ?" "ಅವನಿಗೇ ಗೊತ್ತು." "ಹಣ ಬಂದ ಸಂದೇಶ ಯಾರ ಮೊಬೈಲಿಗೆ ಬರುತ್ತದೆ?" "ಇವರ ಮೊಬೈಲಿಗೆ." ಖಾತೆಯ ಎಲ್ಲ ಬೀಗದ ಕೈಗಳೂ ಬೇರೆಯವರ ಬಳಿ ಇದ್ದರೆ, ಆಕೆಗೆ ದೊರೆತ ಸೇವೆ ಯಾವುದು? ಬ್ಯಾಂಕಿನಲ್ಲಿ ಭಾಷೆ ತಿಳಿಯದ ಸಿಬ್ಬಂದಿ, ಇಡೀ ದಿನದ ಕೂಲಿಯನ್ನು ನುಂಗುವ ಸರದಿ, ತೋಟದ ಲೈನು ಮನೆಯಿಂದ ಎರಡು ಬಸ್ಸುಗಳ ದೂರ, ಇವೆಲ್ಲ ಸೇರಿ ಆಕೆಯು ತಾನೇ ಹೋಗಬೇಕೆಂಬ ಆಸೆಯನ್ನೂ ಬತ್ತಿಸುತ್ತವೆ. 2013ರಲ್ಲಿ ಮಹಿಳೆಯರಿಗೆಂದೇ ಭಾರತೀಯ ಮಹಿಳಾ ಬ್ಯಾಂಕು ಪ್ರಾರಂಭವಾಯಿತು. 2017ರಲ್ಲಿ ಅದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಂಗಸಿಗೆ ಬೇಕಾದುದು ಬೇರೆ ಫಲಕ ಹಾಕಿದ ಕಟ್ಟಡವಲ್ಲ. ಇರುವ ಕಟ್ಟಡದಲ್ಲಿಯೇ ಗೌರವದಿಂದ ಮಾತನಾಡಿಸುವ ಒಬ್ಬ ಮನುಷ್ಯ ಎಂದು ನಾವು ಭಾವಿಸುತ್ತೇವೆ.

ಇನ್ನೊಬ್ಬರನ್ನು ದೂರುವ ಮುನ್ನ ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುವುದು ಉಚಿತ. 1992ರ ಸುಮಾರಿಗೆ ನಾವು ಬೇರೊಂದು ಊರಿನಲ್ಲಿ ಸಹಾಯಕ ಗುರುಗಳಾಗಿದ್ದೆವು. ಒಂದು ಸಂಜೆ ಒಬ್ಬ ತಾಯಿ ಸೆರಗಿನ ತುದಿಯಲ್ಲಿ ಗಂಟು ಹಾಕಿದ 1,400 ರೂಪಾಯಿಯನ್ನು ತಂದು, "ಫಾದರ್, ಇದನ್ನು ನಿಮ್ಮ ಬೀರುವಿನಲ್ಲಿಟ್ಟುಕೊಳ್ಳಿ. ಮಗಳಿಗೆ ನರ್ಸ್ ತರಬೇತಿಗೆ ಸೀಟು ಸಿಕ್ಕಿದೆ. ಜುಲೈ ತಿಂಗಳಿಗೆ ಕಟ್ಟಬೇಕು. ಮನೆಯಲ್ಲಿಟ್ಟರೆ ಉಳಿಯುವುದಿಲ್ಲ" ಎಂದರು. ಆಗ ನಾವು ಚಿಕ್ಕವರು. ಗುರುಮಠದಲ್ಲಿ ಕಲಿತ ಪಾಠ ಮನಸ್ಸಿನಲ್ಲಿ ಹಸಿಯಾಗಿತ್ತು. ಗಂಡಹೆಂಡಿರ ನಡುವೆ ಮುಚ್ಚುಮರೆ ಇರಬಾರದು, ಪತಿಗೆ ತಿಳಿಸಿ ಮನೆಯಲ್ಲಿಯೇ ಇಡಿ ಎಂದು ಬುದ್ಧಿ ಹೇಳಿ ಕಳುಹಿಸಿದೆವು. ಆ ತಾಯಿ ಎದುರಾಡಲಿಲ್ಲ, ಕೈಮುಗಿದು ಹೊರಟುಹೋದರು. ಒಂದು ವಾರದೊಳಗೆ ಆ ಹಣ ಸಾರಾಯಿ ಅಂಗಡಿಗೂ ಇಸ್ಪೀಟಿಗೂ ಹೋಗಿತ್ತು. ಆ ಹುಡುಗಿ ತರಬೇತಿಗೆ ಸೇರಲಿಲ್ಲ. ಮರುವರ್ಷ ಕಾಫಿ ಕೊಯ್ಲಿನ ಸಾಲಿನಲ್ಲಿ ನಾವು ಅವಳನ್ನು ಕಂಡೆವು. ಅವಳು ಎಂದಿನಂತೆ "ಸ್ತೋತ್ರ ಫಾದರ್" ಎಂದಳು. ಮೂವತ್ತಕ್ಕೂ ಹೆಚ್ಚು ವರ್ಷಗಳಾದರೂ ಆ ದನಿ ನಮ್ಮ ಕಿವಿಯಲ್ಲಿದೆ. ಆ ಸಂಜೆ ನಾವು ಆ ತಾಯಿಯನ್ನು ಅಂಚೆ ಕಚೇರಿಗೆ ಕರೆದೊಯ್ದು ಆಕೆಯ ಹೆಸರಿನಲ್ಲಿ ಒಂದು ಖಾತೆ ತೆರೆಸಿದ್ದರೆ ಸಾಕಾಗುತ್ತಿತ್ತು. ನಾವು ಉಪದೇಶ ಮಾಡಿದೆವು, ಸಹಾಯ ಮಾಡಲಿಲ್ಲ.

ಈಗ ಸಾಲದ ಮಾತಿಗೆ ಬರೋಣ. ನಮ್ಮ ಊರುಗಳಲ್ಲಿ ಜನರು 'ಸಂಘದ ಸಾಲ' ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಸಂಗತಿಗಳನ್ನು ಕರೆಯುತ್ತಾರೆ. ಒಂದು, ನಾವು ಆಗಲೇ ಹೇಳಿದ ಸ್ವಸಹಾಯ ಸಂಘ. ಅಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಬಡ್ಡಿಯ ಒಂದು ಪಾಲು ಸದಸ್ಯರಿಗೇ ಮರಳುತ್ತದೆ. ಇನ್ನೊಂದು, ಕಿರುಸಾಲದ ಕಂಪನಿಗಳು ಕಟ್ಟುವ ಗುಂಪು. ಅಲ್ಲಿ ಉಳಿತಾಯವಿಲ್ಲ, ಸಾಲ ಮಾತ್ರ, ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಹೊಣೆ, ಬಡ್ಡಿಯೆಲ್ಲ ಕಂಪನಿಗೆ. ಈ ಎರಡನೆಯದೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬ್ಯಾಂಕು ಬಾಗಿಲು ಮುಚ್ಚಿದಾಗ ಜಾಮೀನಿಲ್ಲದೆ ಸಾಲ ಕೊಟ್ಟು, ಹಸು ಕೊಳ್ಳಲು, ಅಂಗಡಿ ಇಡಲು ಅವು ನೆರವಾಗಿರುವುದೂ ಉಂಟು. ಆದರೆ ಒಬ್ಬಳೇ ಹೆಂಗಸಿಗೆ ನಾಲ್ಕೈದು ಕಡೆಯಿಂದ ಸಾಲ ಸಿಕ್ಕಿ, ಒಂದನ್ನು ತೀರಿಸಲು ಇನ್ನೊಂದನ್ನು ತೆಗೆಯುವ ಸ್ಥಿತಿ ಬಂದಾಗ ಅದು ಉರುಳಾಗುತ್ತದೆ. ಆಂಧ್ರಪ್ರದೇಶದಲ್ಲಿ 2010ರಲ್ಲಿ ಹೀಗಾಗಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ನಮ್ಮ ರಾಜ್ಯದಲ್ಲಿಯೂ 2025ರ ಆರಂಭದಲ್ಲಿ ವಸೂಲಿಯ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಪ್ರಾಣವನ್ನೇ ಬಿಟ್ಟವರ ವಾರ್ತೆಗಳನ್ನು ನಾವು ಓದಿದೆವು. ಆ ವರ್ಷದ ಫೆಬ್ರವರಿ 12ರಂದು ಸುಗ್ರೀವಾಜ್ಞೆ ಬಂದಿತು. ಬಳಿಕ ಅದು ಕಾಯಿದೆಯೂ ಆಯಿತು. ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದ ನಿಯಮಗಳನ್ನೂ ನೀವು ತಿಳಿದಿರಬೇಕು. ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ಆದಾಯವುಳ್ಳ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಒತ್ತೆ ಕೇಳುವಂತಿಲ್ಲ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸಾಲದ ವಿವರವುಳ್ಳ ಕಾರ್ಡನ್ನು ಸಾಲಗಾರಳಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಬೆಳಿಗ್ಗೆ 9 ಗಂಟೆಗೆ ಮುಂಚೆ, ಸಂಜೆ 6 ಗಂಟೆಯ ಬಳಿಕ ವಸೂಲಿಗೆ ಕರೆ ಮಾಡಿ ಕಾಡುವಂತಿಲ್ಲ. ಮುಂಚಿತವಾಗಿ ಸಾಲ ತೀರಿಸಿದರೆ ದಂಡವಿಲ್ಲ. ನಿಯಮಗಳು ಒಳ್ಳೆಯವು, ಆದರೆ ನಿಯಮವನ್ನು ಬಲ್ಲವಳಿಗೆ ಮಾತ್ರ ಅದು ರಕ್ಷೆ. ಇನ್ನೂ ಒಂದು ಕಟು ಸತ್ಯವನ್ನು ಗಂಡಸರು ಕೇಳಬೇಕು. ಹೆಂಡತಿಯ ಹೆಸರಿನಲ್ಲಿ ಸಾಲ ತೆಗೆಸಿ, ಬೈಕು ಕೊಂಡು, ಕಂತಿನ ದಿನ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುವ ಗಂಡಂದಿರು ನಮ್ಮ ವಿಚಾರಣೆಯಲ್ಲಿಯೂ ಇದ್ದಾರೆ. ಗುಂಪಿನ ಮುಂದೆ ತಲೆತಗ್ಗಿಸಿ ನಿಲ್ಲುವವಳು ಮಾತ್ರ ಆಕೆ.

ಬ್ಯಾಂಕಿನ ಸಾಲಕ್ಕೆ ಹೆಂಗಸು ಅರ್ಹಳಾಗದಿರಲು ಮುಖ್ಯ ಕಾರಣ ಆಸ್ತಿ ಆಕೆಯ ಹೆಸರಿನಲ್ಲಿಲ್ಲದಿರುವುದು. ಈ ವಿಷಯದಲ್ಲಿ ಕ್ರೈಸ್ತರಾದ ನಮಗೆ ಕಾನೂನಿನ ನೆಪವೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, ಮಕ್ಕಳಿದ್ದರೆ ಮೂರನೆಯ ಒಂದು ಪಾಲು ವಿಧವೆಗೆ. ಉಳಿದುದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮವಾಗಿ. ಕಾಯಿದೆ ನೂರು ವರ್ಷದಿಂದ ಇದೆ. ಆದರೆ ನಡೆಯುವುದೇನು? ಅಪ್ಪನ ತಿಂಗಳ ಪೂಜೆ ಮುಗಿದ ಮೇಲೆ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುತ್ತಾರೆ; ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅಕ್ಕತಂಗಿಯರು ಸಹಿ ಹಾಕುತ್ತಾರೆ. ಸಂತೋಷದಿಂದ ಬಿಟ್ಟುಕೊಡುವುದು ಉದಾರತೆ. ಅಂಜಿಕೆಯಿಂದ ಬಿಡುವುದು ಉದಾರತೆಯಲ್ಲ. ಬ್ಯಾಂಕಿನ ಖಾತೆಯಲ್ಲಿ ನಾಮಿನಿ ಎಂದು ಬರೆಸಿದ ಮಾತ್ರಕ್ಕೆ ಹಣವೆಲ್ಲ ಆ ವ್ಯಕ್ತಿಯದಾಗುವುದಿಲ್ಲ. ಆತನು ಅದನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು ಎಂಬುದೂ ನಿಮಗೆ ತಿಳಿದಿರಲಿ. ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಯು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೆಯೂ ವಾರಸುದಾರರು ಅದನ್ನು ಕೇಳಿ ಪಡೆಯಬಹುದು. ಅಂಥ ಠೇವಣಿಗಳನ್ನು ಹುಡುಕಲು 2023ರಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನು ರಿಸರ್ವ್ ಬ್ಯಾಂಕು ಆರಂಭಿಸಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ಶತಮಾನೋತ್ಸವದ ನೆನಪಿಗೆ ಗಂಟೆಗೋಪುರಕ್ಕೆ ಬಣ್ಣ ಬಳಿದಿದ್ದೇವೆ. ಅದರ ಜೊತೆಗೆ ನಾಲ್ಕು ಸಂಕಲ್ಪಗಳನ್ನು ಕೈಗೊಳ್ಳೋಣ.

ಮೊದಲನೆಯದು, ಪ್ರತಿಯೊಬ್ಬ ತಾಯಿಯೂ ತನ್ನ ಪಾಸ್‌ಬುಕ್ಕನ್ನು, ಕಾರ್ಡನ್ನು, ಪಿನ್ ಸಂಖ್ಯೆಯನ್ನು ತನ್ನ ಬಳಿಯೇ ಇಟ್ಟುಕೊಳ್ಳಲಿ. ಯಂತ್ರವನ್ನು ಬಳಸಲು ಮಗಳಿಂದಲೋ ಸೊಸೆಯಿಂದಲೋ ಕಲಿಯಲಿ. ಜಪಸರದ ಐವತ್ತಮೂರು ಮಣಿಗಳನ್ನು ತಪ್ಪದೆ ಎಣಿಸುವವರಿಗೆ ನಾಲ್ಕು ಅಂಕಿಗಳು ಭಾರವಾಗಲಾರವು.

ಎರಡನೆಯದು, ಗಂಡಹೆಂಡಿರು ವರ್ಷಕ್ಕೊಮ್ಮೆ, ಆಗಮನ ಕಾಲದ ಮೊದಲ ಭಾನುವಾರ ಎಂದಿಟ್ಟುಕೊಳ್ಳೋಣ, ಮನೆಯ ಎಲ್ಲ ಖಾತೆ, ಸಾಲ, ವಿಮೆಗಳನ್ನು ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ಓದಲಿ. ಮುಚ್ಚುಮರೆ ಬೇಡವೆಂಬ ಮಾತನ್ನು ಅಂದು ನಾವು ಹೆಂಡತಿಗೆ ಮಾತ್ರ ಹೇಳಿದೆವು. ಇಂದು ಗಂಡನಿಗೂ ಹೇಳುತ್ತಿದ್ದೇವೆ. ವಿವಾಹಪೂರ್ವ ತರಬೇತಿಯಲ್ಲಿ ಇನ್ನು ಮುಂದೆ ಇದಕ್ಕಾಗಿಯೇ ಒಂದು ತರಗತಿ ಇರುತ್ತದೆ.

ಮೂರನೆಯದು, ತಿಂಗಳ ಎರಡನೆಯ ಶನಿವಾರ ಬ್ಯಾಂಕು, ಅಂಚೆ ಕಚೇರಿಗಳಿಂದ ನಿವೃತ್ತರಾದ ನಮ್ಮವರು ದೇವಾಲಯದ ಕಚೇರಿಯಲ್ಲಿ ಕುಳಿತು, ಬಂದವರ ಕಾಗದಗಳನ್ನು ಓದಿ ಹೇಳಲು ಒಪ್ಪಿದ್ದಾರೆ. ಯಾವ ಧರ್ಮದ ತಾಯಿಯೂ ಬರಬಹುದು. ಅವರು ಹಣವನ್ನು ಮುಟ್ಟುವುದಿಲ್ಲ, ಸಾಲ ಕೊಡಿಸುವುದಿಲ್ಲ. ಓದಿ ಹೇಳುತ್ತಾರೆ, ಅರ್ಜಿ ಬರೆದುಕೊಡುತ್ತಾರೆ, ಅಷ್ಟೆ. ಆ 436 ರೂಪಾಯಿಯಂಥ ಸಾಲು ಇನ್ನೆಷ್ಟು ಪಾಸ್‌ಬುಕ್ಕುಗಳಲ್ಲಿ ಮಲಗಿದೆಯೋ!

ನಾಲ್ಕನೆಯದು ನಮ್ಮದೇ ಸಂಕಲ್ಪ. ಹೆಂಗಸಿನ ಹೆಸರಿನ ಸಾಲಕ್ಕೆ ಶಿಫಾರಸು ಪತ್ರ ಕೇಳಿ ಬಂದಾಗ, ಆಕೆಯೊಬ್ಬಳನ್ನೇ ಕೂರಿಸಿ, "ಈ ಹಣ ಯಾರಿಗೆ? ಕಂತು ಕಟ್ಟುವವರು ಯಾರು?" ಎಂದು ಕೇಳದೆ ಇನ್ನು ಮುಂದೆ ನಾವು ಸಹಿ ಹಾಕುವುದಿಲ್ಲ.

ಆರಂಭದಲ್ಲಿ ಹೇಳಿದ ಮಾತಿಗೆ ಮರಳಿ, ಮುಗಿಸುತ್ತೇವೆ. ನೂರು ವರ್ಷಗಳ ಹಿಂದೆ ಹಣ ಹೆಂಗಸರದಾಗಿತ್ತು, ಹೆಸರು ಬೇರೆಯವರದಾಗಿತ್ತು. ಇಂದು ಖಾತೆಯಲ್ಲಿಯೂ ಸಾಲದ ಪತ್ರದಲ್ಲಿಯೂ ಹೆಸರು ಹೆಂಗಸಿನದು. ಹಣ ಎಷ್ಟೋ ಸಲ ಬೇರೆಯವರ ಕೈಯಲ್ಲಿ. ಎರಡೂ ಆಕೆಯ ಬಳಿ ಸೇರಿದ ದಿನ ಮಾತ್ರ ಈ ಸೇವೆಗಳು ಆಕೆಯನ್ನು ಸೇವಿಸಿವೆ ಎನ್ನಬಹುದು. ಯೆರೂಸಲೇಮಿನ ಮಹಾದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರಿಗೆ ಕುಳಿತ ಯೇಸುಸ್ವಾಮಿಯವರು ಬಡ ವಿಧವೆಯ ಎರಡು ಕಾಸುಗಳನ್ನು ಕಂಡರು. ಆಕೆಯ ಕಾಣಿಕೆಯನ್ನು ನಾವು ಸಾವಿರ ಸಲ ಹೊಗಳಿದ್ದೇವೆ. ಮರುದಿನ ಆಕೆ ಏನು ಉಂಡಳೆಂದು ಕೇಳಿದವರು ಕಡಿಮೆ. ಅದೇ ವೇಳೆಯಲ್ಲಿ ಅವರು ವಿಧವೆಯರ ಮನೆಗಳನ್ನು ನುಂಗುವವರನ್ನು ಖಂಡಿಸಿದರೆಂಬುದನ್ನು ನಾವು ಮರೆಯದಿರೋಣ.

ಈ ಸ್ಮರಣ ಸಂಚಿಕೆಯಲ್ಲಿ ಶತಮಾನೋತ್ಸವ ನಿಧಿಗೆ ಹಣ ನೀಡಿದವರ ಪಟ್ಟಿಯೂ ಅಚ್ಚಾಗುತ್ತಿದೆ. ಈ ಸಲ ಪ್ರತಿಯೊಬ್ಬ ತಾಯಿಯ ಹೆಸರನ್ನೂ ಆಕೆಯ ಸ್ವಂತ ಹೆಸರಿನಿಂದಲೇ ಬರೆಯಬೇಕೆಂದು ಸಮಿತಿಗೆ ತಿಳಿಸಿದ್ದೇವೆ. ಇನ್ನು ನೂರು ವರ್ಷಗಳ ಬಳಿಕ ಧೂಳು ಕೊಡವಿ ಓದುವವರು ನಿಮ್ಮ ಹೆಸರನ್ನು ಕಾಣಲಿ.

ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ಸರ್ವಶಕ್ತ ದೇವರು ನಿಮ್ಮನ್ನೂ ನಿಮ್ಮ ಮನೆಗಳನ್ನೂ ನಿಮ್ಮ ದುಡಿಮೆಯ ಕೈಗಳನ್ನೂ ಆಶೀರ್ವದಿಸಲಿ.